ಕಲೆರ್ವೊನ ಬೆಚ್ಚಗಿನ ಸೈಕಲ್ಲು

ಹೆಲ್ಸಿಂಕಿಯ ಕಲೆರ್ವೊ ಐವತ್ತು ದಾಟಿದ ಮೇಲೆ ಪ್ರೀತಿಗೆ ಬಿದ್ದು ಉತ್ತರದ ನಮ್ಮ ಔಲು ಊರಿಗೆ ಬಂದ. ಬಿದ್ದವರನ್ನು ಎತ್ತುವ ಅಭ್ಯಾಸ ನಮ್ಮೂರಿಗಿಲ್ಲ. ಚಳಿಗಾಲದಲ್ಲಿ ಇಲ್ಲಿ ಎಲ್ಲರೂ ಬೀಳುತ್ತಾರೆ, ತಾವೇ ಎದ್ದು ಸೊಂಟ ಕೊಡವಿಕೊಂಡು ಹೋಗುತ್ತಾರೆ.

ಅವನನ್ನು ಇಲ್ಲಿಗೆ ಎಳೆತಂದು ತನ್ನ ಮನೆಯಲ್ಲಿರಿಸಿಕೊಂಡವಳು ಹಿಲ್ಕಾ. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಗಂಡ ಇಲ್ಲ, ಮಾತಿನಲ್ಲಿ ಭಾರಿ ಉಳಿತಾಯ. ಮೈನಸ್ ಮೂವತ್ತರಲ್ಲೂ ಸೈಕಲ್ ತುಳಿದೇ ಕೆಲಸಕ್ಕೆ ಹೋಗುವವಳು. ಮದುವೆಗೆ ಅವಳು ಹಾಕಿದ ಷರತ್ತು ಒಂದೇ: "ಜನವರೀಲಿ ನೋಂದಣಿ ಕಚೇರಿಗೆ ಹೋಗೋಣ. ಸೈಕಲ್ ಮೇಲೆ. ಟ್ಯಾಕ್ಸಿ ಹತ್ತಿ ಬರೋ ಗಂಡಸು ನಂಗೆ ಬೇಡ."

ಹಾಗಾಗಿ ಅಕ್ಟೋಬರಿನಲ್ಲಿ ಕಲೆರ್ವೊ ಸೈಕಲ್ಲನ್ನು ಚಳಿಗಾಲಕ್ಕೆ ಅಣಿ ಮಾಡಿಸಲು ನನ್ನ ಸೈಕಲ್ ಅಂಗಡಿಗೆ ಬಂದ. ಎರಡೂ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಮೊಳೆ ಕೂರಿಸಿದ ಟೈರು, ಅಗಲದ ಮಡ್‌ಗಾರ್ಡು, ಚೈನಿಗೆ ಚಳಿಗೆ ಗಟ್ಟಿಯಾಗದ ಎಣ್ಣೆ, ಹ್ಯಾಂಡಲ್ಲಿಗೆ ತೊಡಿಸುವ ದಪ್ಪ ಗವಸು, ಒಂದು ದೀಪ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು. ಕೇಳಿದ್ದನ್ನೆಲ್ಲ ಕೊಟ್ಟೆ. ಕೇಳದ್ದನ್ನೂ ಒಂದೆರಡು ಕೊಟ್ಟೆ. ಗಿರಾಕಿಯ ಭಯಕ್ಕೆ ಅಡ್ಡ ಬರುವುದು ವ್ಯಾಪಾರವಲ್ಲ.

ಅಂಗಡಿಯ ಬೆಂಚಿನ ಮೇಲೆ ಉಂಟಾಮೊ ಕೂತಿದ್ದ. ಕೆಲಸ ಬಿಟ್ಟ ಬಡಗಿ. ಏನೂ ಕೊಳ್ಳುವುದಿಲ್ಲ, ಕಾಫಿ ಮಾತ್ರ ಕುಡಿಯುತ್ತಾನೆ.

"ಸೀಟಿಗೆ ಡಾಂಬರು ಬಳಿದ್ಯೇನಯ್ಯ?" ಎಂದ.

"ಯಾಕೆ?"

"ಹಿಮಸಾರಂಗ ನೆಕ್ತವೆ. ಬೆವರಿನ ಉಪ್ಪು ಅಂದ್ರೆ ಪ್ರಾಣ ಅವಕ್ಕೆ. ಹೋದ ವರ್ಷ ಒಬ್ಬನ ಸೀಟೇ ಇರ್ಲಿಲ್ಲ, ಕಂಬಿ ಮೇಲೆ ಕೂತು ಮನೆಗೆ ಹೋದ. ಹೋದದ್ದು ಹೋದ, ಆಮೇಲೆ ಹಾಡಕ್ಕೆ ಶುರು ಮಾಡಿದ, ಸಣ್ಣ ದನೀಲಿ."

ಕಲೆರ್ವೊ ಬಳಿದ. ಸೀಟಿಗೆ ಅಂಟಿದ ಪ್ಯಾಂಟನ್ನು ಹಿಲ್ಕಾ ಒಲೆಗೆ ಹಾಕಿದಳಂತೆ. ಆ ತಿಂಗಳೆಲ್ಲ ಊರಿನವರು ಅವನನ್ನು ಕಂಡರೆ ಡಾಂಬರಿನ ವಾಸನೆ ಹಿಡಿಯುವವರ ಹಾಗೆ ಮೂಗೆಳೆದುಕೊಂಡೇ ನಮಸ್ಕಾರ ಹೇಳುತ್ತಿದ್ದರು. ಇನ್ನು ಮುಂದೆ ಈ ಉತ್ತರದವರ ಒಂದು ಮಾತನ್ನೂ ನಂಬುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ.

ಹಿಮ ಬಿದ್ದ ಮೇಲೆ ಮತ್ತೆ ಚೈನಿನ ಎಣ್ಣೆಗೆ ಬಂದ. ಸೈಕಲ್ಲು ನೋಡಿದರೆ ಮದುವಣಗಿತ್ತಿಯ ಹಾಗೆ ಫಳಫಳ. ನನಗೆ ಅನುಮಾನ ಬಂತು.

"ರಾತ್ರಿ ಎಲ್ಲಿಡ್ತೀಯ ಇದನ್ನ?"

"ಮನೆಯೊಳಗೆ, ಹೀಟರ್ ಪಕ್ಕ. ದಿನಾ ಸಂಜೆ ಹಿಮ ಕರಗಿಸಿ ಒರೆಸ್ತೀನಿ."

"ಹೊರಗೆ ಶೆಡ್ಡಲ್ಲಿಡು ಮಾರಾಯ. ಕರಗಿದ ನೀರು ಹಿಂದಿನ ಚಕ್ರದ ಫ್ರೀವೀಲ್ ಒಳಗಿಳಿಯುತ್ತೆ. ದೊಡ್ಡ ಚಳಿ ಬಂದ ದಿನ ಅದು ಗಡ್ಡೆ ಕಟ್ಟುತ್ತೆ. ಪೆಡಲ್ ತಿರುಗ್ತಿರುತ್ತೆ, ಚಕ್ರ ಕದಲೋದಿಲ್ಲ."

ಅವನು ನನ್ನನ್ನು ನೋಡಿದ, ಬೆಂಚಿನ ಮೇಲಿದ್ದ ಉಂಟಾಮೊನನ್ನು ನೋಡಿದ, ನಕ್ಕ. "ಬೆಚ್ಚಗಿಟ್ರೆ ಗಡ್ಡೆ ಕಟ್ಟುತ್ತೆ, ಚಳೀಲಿಟ್ರೆ ಕಟ್ಟಲ್ಲ. ಹಿಮಸಾರಂಗದ ಕತೆಯೇ ವಾಸಿಯಿತ್ತು."

"ಈ ಸಲ ಅವನು ನಿಜ ಹೇಳ್ತಿದ್ದಾನೆ ಕಣೋ," ಎಂದ ಉಂಟಾಮೊ. ಉಳಿದಿದ್ದ ಚೂರು ನಂಬಿಕೆಯೂ ಅಲ್ಲಿಗೆ ಹೋಯಿತು.

ಮನೆಯಲ್ಲಿ ಹಿಲ್ಕಾ ಕೂಡ ಒಂದು ಸಲ "ಹೊರಗಿಡು" ಅಂದಿದ್ದಳು. "ನಿಂಗೂ ಅವರೇ ಹೇಳಿಕೊಟ್ರಾ?" ಎಂದು ಅವನು ಕಣ್ಣು ಮಿಟುಕಿಸಿದ್ದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ನಮ್ಮಲ್ಲಿ ನಿಜವನ್ನು ಒಂದೇ ಸಲ ಹೇಳುತ್ತಾರೆ. ಎರಡನೇ ಸಲ ಹೇಳಿದರೆ ಗೋಗರೆದ ಹಾಗಾಗುತ್ತದೆ. ದೊಡ್ಡ ಚಳಿಯಿಲ್ಲದೆ ಡಿಸೆಂಬರು ಮೆತ್ತಗೇ ಕಳೆಯಿತು, ಸೈಕಲ್ಲು ಓಡಿತು, ಕಲೆರ್ವೊ ನಮ್ಮನ್ನೆಲ್ಲ ಗೆದ್ದವನ ಹಾಗೆ ಗಂಟೆ ಬಾರಿಸಿಕೊಂಡು ತಿರುಗಿದ.

ಮದುವೆಯ ದಿನ ಬೆಳಿಗ್ಗೆ ಮೈನಸ್ ಇಪ್ಪತ್ತೆಂಟು. ನಾನೂ ನನ್ನ ಹೆಂಡತಿಯೂ ಸಾಕ್ಷಿಗಳು, ಕಚೇರಿಯಲ್ಲಿ ಕಾಯುತ್ತಿದ್ದೆವು. ಹಿಲ್ಕಾ ಒಬ್ಬಳೇ ಒಳಗೆ ಬಂದಳು. ರೆಪ್ಪೆಯೆಲ್ಲ ಬೆಳ್ಳಗೆ.

"ಸೇತುವೆ ಮೇಲಿದ್ದಾನೆ. ಪೆಡಲ್ ಸುಮ್ನೆ ತಿರುಗ್ತಿದೆ. ಹೋಗ್ತಿರು ಅಂದ, ಬಂದೆ. ನಡ್ಕೊಂಡು ಬರ್ತಾನೆ."

ಸೇತುವೆಯಿಂದ ಕಚೇರಿಗೆ ಕುಂಟನೂ ನಡೆದು ಬರಬಹುದು. ಕಾದೆವು. ಅಧಿಕಾರಿ ಗಡಿಯಾರ ನೋಡಿದರು, ಕೆಮ್ಮಿದರು, ಮುಂದಿನ ಜೋಡಿ ಕಾಯುತ್ತಿದೆ ಎಂದರು.

"ಅವರದ್ದು ಮಾಡಿಬಿಡಿ," ಎಂದಳು ಹಿಲ್ಕಾ.

"ನಾನು ಹೋಗಿ ಕರ್ಕೊಂಡು ಬರ್ಲೇನೇ?" ಎಂದು ನನ್ನ ಹೆಂಡತಿ ಎದ್ದಳು.

"ಬೇಡ. ದಾರಿ ಗೊತ್ತು ಅವನಿಗೆ."

ಆ ಜೋಡಿಯ ಮದುವೆಗೆ ಚಪ್ಪಾಳೆ ತಟ್ಟಿ ಹಿಲ್ಕಾ ಗವಸು ಹಾಕಿಕೊಂಡಳು. "ರಜೆ ಹಾಕಿದ್ದೆ. ಈಗ ಹೊರಟ್ರೆ ಬಟಾಣಿ ಸಾರಿನ ಹೊತ್ತಿಗೆ ಶಾಲೆ ಸೇರ್ತೀನಿ." ಅಂದು ಗುರುವಾರ, ಗುರುವಾರ ನಮ್ಮ ಶಾಲೆಗಳಲ್ಲಿ ಬಟಾಣಿ ಸಾರು.

ಅಷ್ಟು ಹೊತ್ತೂ ಕಲೆರ್ವೊ ಸೇತುವೆಯ ಮೇಲೆ ಮಂಡಿಯೂರಿ ಕೂತಿದ್ದ. ಮದುವೆಯಾದ ಮೇಲೆ ಎಲ್ಲರೂ ಕುಡಿಯೋಣವೆಂದು ಹಿಲ್ಕಾ ಫ್ಲಾಸ್ಕಿನಲ್ಲಿ ತುಂಬಿಕೊಟ್ಟಿದ್ದ ಕಾಫಿಯನ್ನು ಫ್ರೀವೀಲಿಗೆ ಹುಯ್ಯುತ್ತಿದ್ದ. ಹುಯ್ದರೆ ಚಕ್ರ ತಿರುಗುತ್ತಿತ್ತು. ಹತ್ತಿ ಹತ್ತು ಮಾರು ಹೋಗುವಷ್ಟರಲ್ಲಿ ಕಾಫಿಯೇ ಗಡ್ಡೆಯಾಗಿ ಮೊದಲಿಗಿಂತ ಬಿಗಿಯಾಗುತ್ತಿತ್ತು. ಮತ್ತೆ ಇಳಿದು ಹುಯ್ದ, ಫ್ಲಾಸ್ಕು ಬರಿದಾಗುವವರೆಗೂ. ಸೈಕಲ್ಲಿನವರು ಬಳಸಿಕೊಂಡು ಹೋದರು. ಆ ಚಳಿಯಲ್ಲಿ ಯಾರು ನಿಲ್ಲುತ್ತಾರೆ? ಉಂಟಾಮೊ ಒಬ್ಬ ನಿಂತನಂತೆ.

"ಸಕ್ಕರೆ ಹಾಕಿದ್ಯೇನಯ್ಯ?" ಎಂದು ಕೇಳಿ ಹೋದನಂತೆ.

ಮಧ್ಯಾಹ್ನ ಕಲೆರ್ವೊ ಫೋನು ಮಾಡಿ, ಸೈಕಲ್ಲನ್ನು ಮಾರಬೇಕು, ಬಂದು ಒಯ್ಯಿ ಎಂದ. ವ್ಯಾನು ತೆಗೆದುಕೊಂಡು ಹಿಲ್ಕಾಳ ಅಂಗಳಕ್ಕೆ ಹೋದೆ. ಅವನ ಎರಡು ಪೆಟ್ಟಿಗೆ ಶೆಡ್ಡಿನಲ್ಲಿ ಒಪ್ಪವಾಗಿ ನಿಂತಿದ್ದವು. ಮೇಲೆ ಹೆಲ್ಸಿಂಕಿಯ ರೈಲಿಗೆಂದು ಬೆಣ್ಣೆ ಸವರಿ ಕಟ್ಟಿದ ರೈ ಧಾನ್ಯದ ರೊಟ್ಟಿ. ಕಟ್ಟಿಟ್ಟವಳು ಹಿಲ್ಕಾ. ಶಾಲೆಯಿಂದ ಬಂದವಳು ಕೋಟು ಕೂಡ ತೆಗೆದಿರಲಿಲ್ಲ.

"ಸೈಕಲ್ ಕೆಟ್ಟಿತು ಅಂತ ಯಾರಾದ್ರೂ ಮದುವೆ ಬಿಡ್ತಾರಾ ಹಿಲ್ಕಾ?" ಎಂದ ಕಲೆರ್ವೊ.

"ಸೈಕಲ್ ಎಲ್ಲರದ್ದೂ ಕೆಡುತ್ತೆ. ನಾನು ಅಲ್ಲಿ ಕಾಯ್ತಾ ಕೂತಿದ್ದೆ. ನೀನು ಎರಡು ಕಾಲಿದ್ದೂ ಅದರ ಹತ್ರ ಕೂತಿದ್ದೆ."

"ಸೈಕಲ್ ಇಲ್ದೆ ಬರ್ಬೇಡ ಅಂದಿದ್ದೆ ನೀನು."

"ಟ್ಯಾಕ್ಸೀಲಿ ಬರ್ಬೇಡ ಅಂದಿದ್ದೆ."

ಕಲೆರ್ವೊನ ಬೆರಳ ತುದಿಗಳು ಮೇಣದಂತೆ ಬಿಳಿಚಿದ್ದವು. ನಾನು ಸೈಕಲ್ಲನ್ನು ವ್ಯಾನಿಗೆ ಏರಿಸಿದೆ. ಅವನು ಪೆಟ್ಟಿಗೆಗಳನ್ನು ಎತ್ತಿಕೊಂಡ. ಎತ್ತಿಕೊಂಡು ನಿಂತೇ ಇದ್ದ.

"ಬೇಸಿಗೇಲಿ ಬರ್ಲಾ?"

"ಬೇಸಿಗೇಲಿ ಎಲ್ಲರೂ ಬರ್ತಾರೆ," ಎನ್ನುತ್ತ ಹಿಲ್ಕಾ ಪೆಟ್ಟಿಗೆಗಳಿದ್ದ ಜಾಗಕ್ಕೆ ತನ್ನ ಸೈಕಲ್ಲನ್ನು ತಳ್ಳಿ ನಿಲ್ಲಿಸಿದಳು.