ನಡುವಿಲ್ಲದ ತಟ್ಟೆ

ನನ್ನ ಬಳಿ ಇರುವ ಹಳೆಯ ಇಂಗ್ಲಿಷ್ ಪಿಂಗಾಣಿ ತಟ್ಟೆಗಳೆಲ್ಲ ಒಂದೇ ತಟ್ಟೆಯ ಹುಡುಕಾಟದಲ್ಲಿ ಸಿಕ್ಕವು. ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿ, ಅಂಚಿನ ಸುತ್ತ ನೀಲಿ ಹೂಬಳ್ಳಿಯಿದ್ದ ತಟ್ಟೆಯಲ್ಲಿ ತಿಂದ ನೆನಪು ನನಗಿದೆ. ನೆನಪು ಅನ್ನಲೂ ಹಿಂಜರಿಕೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಸಾಕ್ಷಿ ಕೇಳುವ ಚಾಳಿಯೊಂದೇ. ಅಂಚು ಕಣ್ಣಿಗೆ ಕಟ್ಟಿದಂತಿದೆ. ನಡುವೆ ಏನಿತ್ತೆಂದು ಕೇಳಿಕೊಂಡರೆ ಏನೂ ಇಲ್ಲ. ಇಂಥ ತಟ್ಟೆಯನ್ನು ನಾನೇ ಕಲ್ಪಿಸಿಕೊಂಡಿರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಹಾಗೆಂದು ನಮ್ಮೂರಿನ ಉಕ್ಕಡ ಪೇಟೆಯ ಹಳೇ ಸಾಮಾನಿನ ಅಂಗಡಿಗಳನ್ನು ಬಿಟ್ಟಿಲ್ಲ. ವಾಲ್ಪಾರೈ ಬೆಟ್ಟದ ಟೀ ಎಸ್ಟೇಟ್ ಬಂಗಲೆಗಳಿಂದ ಇಳಿದು ಬರುವ ಪೆಟ್ಟಿಗೆಗಳನ್ನೂ ಬಿಟ್ಟಿಲ್ಲ. ತಾಮ್ರದ ಅಚ್ಚಿನಿಂದ ತೆಳು ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಇಳಿಸಿದ ಹೂಗಳು ಇವು. ಕಾಗದದ ತುದಿಗಳು ಕೂಡುವಲ್ಲಿ ಬಳ್ಳಿ ಕೊಂಚ ತಪ್ಪಿರುತ್ತದೆ. ಆ ತಪ್ಪನ್ನು ಬೆರಳಿನಿಂದ ಹುಡುಕುವುದು ನನಗಿಷ್ಟ.

ಕಳೆದ ತಿಂಗಳು ಸಿಕ್ಕಿದ್ದು ಆ ನೆನಪಿಗೆ ತೀರ ಹತ್ತಿರ. ಸೂಲೂರಿನಲ್ಲಿರುವ ಅಕ್ಕನಿಗೆ ತೋರಿಸಿದೆ. ಅವಳು ನನಗಿಂತ ತುಂಬ ದೊಡ್ಡವಳು. ಅವಳು ಹೌದೆಂದರೆ ಸಾಕಿತ್ತು.

"ನಿನಕ್ಕೆ ಪೈತ್ಯ, ಹುಚ್ಚು," ಅಂದಳು. "ಅಜ್ಜಿ ಎಲುಬಿನ ಸಾಮಾನು ಒಳಗೆ ಬಿಡ್ತಿದ್ಲಾ? ಎವರ್‌ಸಿಲ್ವರ್ ಸ್ಟೀಲ್ ತಟ್ಟಲ್ಲಿ ತಿಂದು ಬೆಳ್ದೋನು, ಈಗ ಎಸ್ಟೇಟ್ ದೊರೆ ಆಗ್ಬಿಟ್ಟೆ."

ಪಿಂಗಾಣಿಯಲ್ಲಿ ಎಲುಬಿನ ಪುಡಿ ಇರುತ್ತದೆಂದು ನಮ್ಮ ನೇಯ್ಗೆಯವರ ಮನೆಗಳಲ್ಲಿ ಅದನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ.

"ಇದು ಬರೀ ಮಣ್ಣು ಅಕ್ಕಾ."

"ಮಣ್ಣೋ ಮಸಿಯೋ. ಅಂಥಾ ತಟ್ಟು ಇರ್ಲೇ ಇಲ್ಲ."

ನಾನು ತಟ್ಟೆಯನ್ನು ಪಕ್ಕಕ್ಕಿಟ್ಟೆ.

ಸ್ವಲ್ಪ ಹೊತ್ತಿಗೆ ಅಕ್ಕ ಗುಳಿ ಕಾವಲಿಯಲ್ಲಿ ಸುಟ್ಟ ಬಿಸಿ ಪಣಿಯಾರ ತಂದಳು. "ಸರಿ, ನಿನ್ನ ದೊರೆ ತಟ್ಟಲ್ಲೇ ತಿನ್ನು ಕಣ್ಣು," ಎಂದು ಮುದ್ದಿನಿಂದ ನಕ್ಕು ತಟ್ಟೆ ತೊಳೆದಳು. ಬಾಳೆ ಎಲೆಯೊಂದನ್ನು ದುಂಡಗೆ ಕತ್ತರಿಸಿ ಅದರ ನಡುವೆ ಹಾಸಿದಳು. ತಟ್ಟೆಯ ನಡು ಮುಚ್ಚಿಹೋಗಿ ಎಲೆಯ ಸುತ್ತ ಅಂಚಿನ ಹೂಗಳು ಮಾತ್ರ ಉಳಿದವು.

"ಎಲೆ ಯಾಕಕ್ಕಾ?"

"ತಿನ್ನೋದು ಅದಕ್ಕೆ ತಾಗ್ಬಾರ್ದಲ್ಲ. ಅಜ್ಜಿ ಹಿಂಗೇ ತಾನೇ ಹಾಕ್ತಿದ್ದದ್ದು..." ಅವಳು ಮಾತು ನಿಲ್ಲಿಸಿ ತಟ್ಟೆಯನ್ನೇ ನೋಡಿದಳು. "ಯಾತರ ಮೇಲೆ ಹಾಕ್ತಿದ್ಲು?"

ನಾನು ಹೇಳಿಕೊಟ್ಟರೆ ಅದು ಅವಳ ನೆನಪಾಗುವುದಿಲ್ಲ.

"ಮಗ್ಗದ ಹತ್ರ ಗೋಡೆ ಗೂಡಲ್ಲಿ ಇತ್ತು," ಅಂದಳು ಕೊನೆಗೆ. "ಅಡುಗೆಮನೆ ಒಳಗಲ್ಲ, ಅಲ್ಲೇ. ನೀಲಿಯೋ ಏನೋ, ತಿಳೀದು."

ಬಣ್ಣದ ವಿಷಯ ನಾನು ಕೆದಕಲಿಲ್ಲ.