ಇಂಟ್ರೂಡ್ ಮಾಡುವವರು ಬೇಕಾಗಿದ್ದಾರೆ

ಇಂಗ್ಲಿಷಿನ ‘ಇಂಟ್ರೂಡ್’ ಎಂಬ ಶಬ್ದವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಯಾರಾದರೂ ಒಮ್ಮೆ ನನ್ನ ಮನೆಗೆ ಇಂಟ್ರೂಡ್ ಮಾಡಲಿ ಎಂದು ಹಂಬಲಿಸುವ ಕಾಲ ಬಂದೀತೆಂದು ಎಣಿಸಿರಲಿಲ್ಲ.

ಕರೆಯದೆ, ಕೇಳದೆ ಇನ್ನೊಬ್ಬರಲ್ಲಿಗೆ ನುಗ್ಗುವುದು ಅಂತ ಅದರ ಅರ್ಥ. ಮೂಲ ಲ್ಯಾಟಿನ್, ಒಳಗೆ ತಳ್ಳುವುದಂತೆ. ಅದರ ದಾಯಾದಿ ‘ಪ್ರೊಟ್ರೂಡ್’ ಹೊರಗೆ ತಳ್ಳುವ ಪೈಕಿ. ಉಬ್ಬುಹಲ್ಲು ತಿದ್ದುವ ಡಾಕ್ಟರರ ಬಳಿ ಅದಕ್ಕೆ ಖಾಯಂ ಕೆಲಸ. ಬಳಕೆಯಲ್ಲೂ ಒಂದು ತಮಾಷೆ ಉಂಟು. ‘ನಾನು ಇಂಟ್ರೂಡ್ ಮಾಡ್ತಾ ಇಲ್ಲ ತಾನೇ?’ ಎನ್ನುವ ಸಭ್ಯಸ್ಥರು ಹಾಗೆ ಕೇಳುವಾಗಲೇ ಒಂದು ಕಾಲು ಒಳಗಿಟ್ಟಿರುತ್ತಾರೆ. ಪೈವಳಿಕೆ ಕಡೆಯ ಶಾಲೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬಳು ಹುಡುಗಿ ಎದ್ದು, “ಕರೀದೆ ಬಂದ್ರೆ ಎಂತ ತಪ್ಪು ಟೀಚರ್? ನೆರೆಕರೆಯವರಲ್ವಾ?” ಎಂದಿದ್ದಳು. ನಾನು ಗಡಬಡಿಸಿ ಮುಂದಿನ ಶಬ್ದಕ್ಕೆ ಹಾರಿ ಬಚಾವಾದೆ.

ನಾನು ಹಾಗೆ ಹಾರಿದ್ದಕ್ಕೆ ಕಾರಣ ನೆರೆಮನೆಯ ಐಸಮ್ಮ. ಉಪ್ಪಳದಲ್ಲಿ ಹೈವೇಯ ಈಚೆ ನಮ್ಮ ಮನೆ, ಆಚೆ ಅವರದ್ದು. ಎರಡೂ ಕಡೆ ನೋಡಿ ದಾಟಿದರೆ ಆಯಿತು. ಐಸಮ್ಮ ಎದುರಿನ ಬಾಗಿಲಿಂದ ಬಂದದ್ದು ನನಗೆ ನೆನಪಿಲ್ಲ. ಹಿಂದಿನಿಂದ ನೇರ ಅಡುಗೆಮನೆಗೇ ನುಗ್ಗಿ, ಮುಚ್ಚಳ ತೆಗೆದು ಮೂಸಿ, “ಎಂತ ಟೀಚರೇ, ಇವತ್ತೂ ಬಸಳೆಯಾ?” ಎಂದು ಮೂಗು ಮುರಿಯುವವರು. ತಂದ ಪತ್ತಿರ್ ಎಂಬ ಅಕ್ಕಿ ರೊಟ್ಟಿಯನ್ನು ಪಾತ್ರೆ ಸಮೇತ ಇಟ್ಟು ಹೋಗುವವರು. ಪಾತ್ರೆಯನ್ನು ಖಾಲಿ ಹಿಂದೆ ಕಳಿಸಬಾರದಲ್ಲ. ಹಾಗಾಗಿ ಮರುದಿನ ನಾನು ಅವರ ಅಡುಗೆಮನೆಗೆ. ಹೀಗೆ ಒಂದೇ ಸ್ಟೀಲ್ ಪಾತ್ರೆ ವರ್ಷಗಟ್ಟಲೆ ರಸ್ತೆ ದಾಟುತ್ತಿತ್ತು. ಕಿರಿಕಿರಿ ಆದದ್ದೂ ಉಂಟು, ಸುಳ್ಳು ಯಾಕೆ ಹೇಳಲಿ? ನನ್ನ ಎಷ್ಟು ಭಾನುವಾರಗಳ ನಿದ್ದೆ ಅವರ ಪಾಲಾಗಿದೆಯೋ!

ಈಗ ಹೈವೇ ಅಗಲವಾಗಿ ನಡುವೆ ಗೋಡೆ ಎದ್ದಿದೆ. ದಾಟಬೇಕಾದರೆ ದೂರದ ಅಂಡರ್‌ಪಾಸಿಗೆ ಸುತ್ತಬೇಕು. ಐಸಮ್ಮನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ, ಫೋನು ಮಾಡುತ್ತಾರೆ. ಮೊದಲ ಮಾತೇ, “ಟೀಚರೇ, ಡಿಸ್ಟರ್ಬ್ ಆಯ್ತಾ?” ಕೇಳದೆ ನನ್ನ ಪಾತ್ರೆಗಳ ಮುಚ್ಚಳ ತೆಗೆಯುತ್ತಿದ್ದ ಹೆಂಗಸು ಹೀಗೆ ಕೇಳುವಾಗ ನನಗೆ ಅಳುವೇ ಬರುತ್ತದೆ. ಅವರ ಪಾತ್ರೆ ಬೇರೆ ನಮ್ಮಲ್ಲೇ ಉಳಿದುಬಿಟ್ಟಿತ್ತು. ಅದನ್ನು ಕಂಡಾಗಲೆಲ್ಲ ಹಿಂದಿನ ಬಾಗಿಲ ಕಡೆ ನೋಡುವುದು ನನಗೆ ಅಭ್ಯಾಸವಾಯಿತು.

ಮೊನ್ನೆ ತಡೆಯಲಾಗಲಿಲ್ಲ. ಬಸಳೆ ಪದಾರ್ಥವನ್ನೇ ಅದಕ್ಕೆ ತುಂಬಿಸಿ, ಫೋನು ಮಾಡದೆ ಆಟೋ ಹತ್ತಿದೆ. ಅವರ ಮನೆ ಮುಟ್ಟಿದ ಮೇಲೆ ಮಾತ್ರ ಅಳುಕು ಶುರುವಾಯಿತು. ಮಲಗಿದ್ದರೆ? ನೆಂಟರಿದ್ದರೆ? ಬೆಲ್ ಒತ್ತಲು ಕೈ ಎತ್ತಿದೆ. ಥತ್, ಇದಕ್ಕಾ ನಾನು ಇಷ್ಟು ದೂರ ಸುತ್ತಿ ಬಂದದ್ದು! ಇಂಗ್ಲಿಷ್ ಟೀಚರಿನ ಮರ್ಯಾದೆಯನ್ನೆಲ್ಲ ಜಗಲಿಯಲ್ಲೇ ಬಿಟ್ಟು ಹಿಂದಿನಿಂದ ಹೋದೆ.

ಐಸಮ್ಮ ಮೀನು ಹುರಿಯುತ್ತಿದ್ದರು. ತಿರುಗಿ ನೋಡಿದರು. ‘ಬನ್ನಿ’ ಅನ್ನಲಿಲ್ಲ, ‘ಕೂತ್ಕೊಳ್ಳಿ’ ಅನ್ನಲಿಲ್ಲ. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು, ಮುಚ್ಚಳ ಎತ್ತಿ ಮೂಸಿದರು.

“ಇವತ್ತೂ ಬಸಳೆಯಾ?”

ಅಷ್ಟು ಹೇಳಿ ನಕ್ಕರು, ನಗುತ್ತಲೇ ಅತ್ತರು. ನಾನೂ ಅತ್ತೆ. ಮೀನು ಸ್ವಲ್ಪ ಸೀದುಹೋಯಿತು.

ಪಾತ್ರೆ ಈಗ ಅವರಲ್ಲಿ ಉಂಟು. ಖಾಲಿ ಕಳಿಸುವ ಹಾಗಿಲ್ಲವಲ್ಲ. ಆಟೋ ಅವರಿಗೂ ಸಿಗುತ್ತದೆ. ನಾನು ಹಗಲು ಹಿಂದಿನ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ.