ಅಕ್ಕನ ಇನ್ನೂರು ಸದಸ್ಯರು

ನನ್ನ ಅಕ್ಕ ವಿಡಿಯೋ ಗೇಮ್‌ಗಳ ಬಗ್ಗೆ ಬರೆಯುವ ಒಂದು ವೆಬ್‌ಸೈಟ್ ನಡೆಸುತ್ತಾಳೆ. ಗೇಮನ್ನು ಕೊನೆಯವರೆಗೂ ಆಡದೆ ಒಂದು ಸಾಲನ್ನೂ ಬರೆಯುವವಳಲ್ಲ. ಜಾಹೀರಾತು ಮುಟ್ಟುವುದಿಲ್ಲ. ಓದುಗರು ಸದಸ್ಯರಾಗಿ ಕೊಡುವ ತಿಂಗಳ ಚಂದಾದಿಂದಲೇ ಸೈಟು ನಡೆಯಬೇಕು. ಮುನ್ನೂರು ಸದಸ್ಯರಾದ ದಿನ ಗುಮಾಸ್ತೆಯ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಳು. ನೂರ ಹತ್ತರಲ್ಲೇ ವರ್ಷ ಕಳೆದಿತ್ತು.

ಕಳೆದ ವಾರ ಒಮ್ಮೆಲೇ ಇನ್ನೂರು ಜನ ಸೇರಿದರು. ಅಕ್ಕ ಕುಣಿದಾಡಿ, ರಾಜೀನಾಮೆ ಪತ್ರವನ್ನೂ ಬರೆದಿಟ್ಟಳು. ಮರುದಿನ ಗೇಮ್ ಕಂಪನಿಯೊಂದರ ಮ್ಯಾನೇಜರ್ ಫೋನ್ ಮಾಡಿದ.

"ನಮ್ಮ ಸ್ಟಾಫನ್ನೆಲ್ಲ ಸೇರಿಸಿದೀವಿ ಮೇಡಂ. ನಮ್ಮ ಹೊಸ ಗೇಮ್ ಬಗ್ಗೆ ಸ್ವಲ್ಪ ನೋಡ್ಕೊಂಡು ಬರೀರಿ."

ಅಕ್ಕನ ಮುಖ ಕೆಂಪಾಯಿತು. "ಹನ್ನೊಂದು ಗಂಟೆ ಕೂತು ಕೊನೇವರೆಗೂ ಆಡಿದೀನಿ, ಮಧ್ಯೆ ಆರು ಸಲ ಗೇಮೇ ನಿಂತೋಯ್ತು. ಅದನ್ನೇ ಬರೀತೀನಿ. ನನ್ನ ಓದುಗರ ಪಟ್ಟಿ ಏನು ನಿಮ್ಮ ಹಾಜರಿ ಪುಸ್ತಕಾನಾ?"

ಫೋನ್ ಕುಕ್ಕಿ, ಇನ್ನೂರು ಹೆಸರನ್ನೂ ಅಳಿಸಿ, ಹಣ ವಾಪಸ್ ಕಳಿಸಿದಳು.

"ಕೆಲಸ ಬಿಡ್ತೀನಿ ಅಂದಿದ್ಯಲ್ಲೇ?" ಅಮ್ಮ ಮೆಲ್ಲಗೆ ಕೇಳಿದಳು.

"ಎಲ್ಲಿ ಬಿಡ್ಲಮ್ಮ? ನಾಳೆ ಬುತ್ತಿ ಕಟ್ಟು."

ರಾಜೀನಾಮೆ ಪತ್ರ ಹರಿದೆಸೆದು, ಆ ಗೇಮಿನ ವಿಮರ್ಶೆ ಬರೆಯಲು ಕುಳಿತಳು. ಕೀಬೋರ್ಡಿನ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.